ಈಸು ಬಾರದ ಭತ್ತ

ಎಲ್ಲರಿಗೂ ನಮಸ್ಕಾರ.

ಊಟ ಆದ ಮೇಲೆ ನನ್ನ ಮಾತು ಇಟ್ಟಿದ್ದಾರೆ. ಅಪ್ಪೆಹುಳಿ ಕುಡಿದವರ ಎದುರು ಭಾಷಣ ಮಾಡುವ ಕಷ್ಟ ಏನು ಅಂತ ಶಿರಸಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಣ್ಣು ಮುಚ್ಚಿದವರೆಲ್ಲ ಗಾಢವಾಗಿ ಯೋಚನೆ ಮಾಡುತ್ತಿದ್ದಾರೆ ಅಂತ ತಿಳಿದುಕೊಳ್ಳುತ್ತೇನೆ.

ಆಮಂತ್ರಣ ಪತ್ರಿಕೆಯಲ್ಲಿ ‘ಹವಾಮಾನ ಬದಲಾವಣೆ, ಸಣ್ಣ ರೈತ ಮತ್ತು ಸಂಶೋಧನೆ’ ಅಂತ ದೊಡ್ಡ ಹೆಸರು ಹಾಕಿದ್ದಾರೆ. ನನ್ನ ಹತ್ತಿರ ಇರುವುದು ಒಂದು ಸಣ್ಣ ಪ್ರಶ್ನೆ. ಒಡ್ಡು ಯಾರು ಕಟ್ಟುತ್ತಾರೆ? ಅಷ್ಟೇ. ಇದನ್ನು ಇವತ್ತು ನಾಲ್ಕಾರು ಸಲ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅಘನಾಶಿನಿ ಹುಟ್ಟುವುದು ನಮ್ಮ ಊರಿನಲ್ಲೇ, ಶಂಕರ ಹೊಂಡದಲ್ಲಿ. ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕಿ, ಒಂದೂ ಅಣೆಕಟ್ಟು ಕಾಣದೆ, ಕುಮಟಾ ತಾಲೂಕಿನ ತದಡಿ ಹತ್ತಿರ ಸಮುದ್ರ ಸೇರುತ್ತದೆ. ಸೇರುವ ಮೊದಲು ಅಗಲಕ್ಕೆ ಹರಡಿಕೊಂಡು ಕೂರುತ್ತದೆ. ಆ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸಾರ್ ಮನ್ನಣೆ, ಅಂದರೆ ಮಹತ್ವದ ಜೌಗು ನೆಲ ಅನ್ನುವ ಅಂತಾರಾಷ್ಟ್ರೀಯ ಮನ್ನಣೆ ಸಿಕ್ಕಿತು. ಪೇಪರಿನಲ್ಲಿ ಹಕ್ಕಿಗಳ ಫೋಟೊ ಬಂತು. ಅಲ್ಲಿನ ಭತ್ತದ ಫೋಟೊ ಬಂದಿದ್ದನ್ನು ನಾನಂತೂ ನೋಡಲಿಲ್ಲ.

ಆ ಭತ್ತ ಕಗ್ಗ. ಬೆಳೆಯುವ ಜಾಗ ಗಜನಿ. ಕರಾವಳಿಯವರಿಗೆ ಇದನ್ನು ವಿವರಿಸಿದರೆ ನಗುತ್ತಾರೆ, ಘಟ್ಟದ ಮೇಲಿನ ಹುಡುಗರಿಗಾಗಿ ಎರಡು ಮಾತು. ಉಬ್ಬರದ ನೀರು ನುಗ್ಗುವ ತಗ್ಗು ನೆಲಕ್ಕೆ ಸುತ್ತ ಮಣ್ಣಿನ ಒಡ್ಡು ಹಾಕುತ್ತಾರೆ. ಒಡ್ಡಿನಲ್ಲಿ ಅಲ್ಲಲ್ಲಿ ಹಲಗೆ ಬಾಗಿಲು, ಅದಕ್ಕೆ ಜಂತ್ರಡಿ ಅನ್ನುತ್ತಾರೆ. ಮಳೆಗಾಲದಲ್ಲಿ ಇಳಿತ ಇದ್ದಾಗ ಹಲಗೆ ಎತ್ತಿ ಮಳೆ ನೀರು ಹೊರಗೆ ಬಿಡಬೇಕು, ಉಬ್ಬರ ಬಂದಾಗ ಹಾಕಿ ಸಮುದ್ರದ ನೀರು ತಡೆಯಬೇಕು. ಮೊದಲ ಮಳೆಗಳು ನೆಲದ ಉಪ್ಪು ತೊಳೆದ ಮೇಲೆ ಮೊಳಕೆ ಬಂದ ಕಗ್ಗ ಚೆಲ್ಲುತ್ತಾರೆ. ನಾಟಿ ಇಲ್ಲ, ಗೊಬ್ಬರ ಇಲ್ಲ. ಅಕ್ಟೋಬರ್ ಹೊತ್ತಿಗೆ ತೆನೆ ಮಾತ್ರ ಕೊಯ್ದು, ಹುಲ್ಲನ್ನು ನೀರಿನಲ್ಲೇ ಬಿಡುತ್ತಾರೆ. ಅದು ಕೊಳೆತು ಶೆಟ್ಲಿ, ಮೀನು, ಏಡಿಗೆ ಊಟ. ಶೆಟ್ಲಿ ಅಂದರೆ ಸಿಗಡಿ. ಕೊಯ್ಲು ಮುಗಿದ ಮೇಲೆ ಜಂತ್ರಡಿ ತೆಗೆದು ಉಬ್ಬರವನ್ನು ಒಳಗೆ ಕರೆಯುತ್ತಾರೆ, ಇಳಿತದಲ್ಲಿ ಬಾಗಿಲಿಗೆ ಬಲೆ ಕಟ್ಟುತ್ತಾರೆ. ಒಂದೇ ಗದ್ದೆಯಲ್ಲಿ ಅನ್ನವೂ ಸಾರೂ ಆಯಿತು. ಶೆಟ್ಲಿ ಸಾರಿನ ಮಾತು ಇಲ್ಲಿ ಅರ್ಧ ಜನಕ್ಕೆ ಬೇಡ, ಗೊತ್ತು. ಕ್ಷಮಿಸಿ.

ಈಗ ನನ್ನ ಕಥೆ. ನನ್ನ ಭಾಷಣ ಮೊದಲು ಕೇಳಿದವರು ‘ಬಂತಪ್ಪಾ’ ಅಂದುಕೊಳ್ಳುತ್ತಿದ್ದೀರಿ. ಈ ಸಲ ಸ್ವಲ್ಪ ಬೇರೆ ಇದೆ, ಕೇಳಿ.

ನಾನು ಕೆಲಸಕ್ಕೆ ಸೇರಿ ಎರಡನೇ ವರ್ಷ. ತಲೆ ತುಂಬಾ ಪುಸ್ತಕ. ಗಜನಿಯ ಜನ ಕಡಿಮೆ ಇಳುವರಿಯ ಹಳೇ ಭತ್ತ ಹಿಡಿದುಕೊಂಡು ಕೂತಿದ್ದಾರೆ, ಇವರನ್ನು ಉದ್ಧಾರ ಮಾಡಬೇಕು ಅಂತ ಎರಡು ಮೂಟೆ ಸುಧಾರಿತ ಬೀಜ ಬಸ್ಸಿನ ಮೇಲೆ ಹಾಕಿಕೊಂಡು ಹೋದೆ. ತಳಿಯ ಹೆಸರು ಹೇಳುವುದಿಲ್ಲ, ಅದರ ತಪ್ಪಲ್ಲ, ತಪ್ಪು ನನ್ನದು. ಒಬ್ಬ ಅಮ್ಮ ಬೇಡ ಬೇಡ ಅನ್ನುತ್ತಲೇ ಅರ್ಧ ಎಕರೆ ಬಿಟ್ಟುಕೊಟ್ಟಳು. ಪಕ್ಕದ ತುಂಡಿಗೆ ಕಗ್ಗವನ್ನೇ ಹಾಕಿಕೊಂಡಳು.

ನನ್ನ ಭತ್ತ ಬಂತು ನೋಡಿ, ಗಿಳಿಹಸಿರು! ಪಕ್ಕದಲ್ಲಿ ಕಗ್ಗ ಎದೆ ಎತ್ತರ, ಕೂದಲು ಬಾಚದ ಹುಡುಗನ ಹಾಗೆ ಅತ್ತಿತ್ತ ಒಲೆದುಕೊಂಡು ನಿಂತಿತ್ತು. ನಾನು ಗೆದ್ದೆ ಅಂತ ಮೇಲಿನವರನ್ನು ಕರೆಸಿ ಫೋಟೊ ಹೊಡೆಸಿದೆ. ಫೋಟೊ ತೊಳೆದು ಬರುವ ಮೊದಲೇ ಅಮಾವಾಸ್ಯೆ ಬಂತು. ಒಡ್ಡಿನಲ್ಲಿ ಒಂದು ಏಡಿ ತೂತು ಇತ್ತಂತೆ. ದೊಡ್ಡ ಉಬ್ಬರ, ಮೇಲೆ ಗಾಳಿ. ರಾತ್ರಿ ತೂತು ಹೋಗಿ ಬಾಗಿಲಾಯಿತು. ಉಪ್ಪು ನೀರು ಎರಡೂ ತುಂಡಿಗೆ ನುಗ್ಗಿತು.

ವಾರದ ಮೇಲೆ ಹೋದೆ. ನನ್ನ ಗಿಳಿಹಸಿರು ತುದಿಯಿಂದ ಬೆಳ್ಳಗಾಗಿ, ಸುಟ್ಟ ಕಾಗದದ ಹಾಗೆ ಸುರುಟಿಕೊಂಡಿತ್ತು. ಕಗ್ಗ ಬುಡಕ್ಕೆ ಕೆಸರು ಮೆತ್ತಿಕೊಂಡು ಹಾಗೇ ನಿಂತಿತ್ತು. ಬಯ್ಯುತ್ತಾಳೆ ಅಂತ ನಾನು ಛತ್ರಿ ಮರೆಯಲ್ಲಿ ನಿಂತಿದ್ದೆ. ಅಮ್ಮ ಬಂದು ಬಹಳ ಸಮಾಧಾನದಿಂದ, ಮಗನಿಗೆ ಹೇಳಿದ ಹಾಗೆ ಹೇಳಿದಳು: “ನಿಮ್ಮ ಭತ್ತಕ್ಕೆ ಈಸುಕೆ ಬರೂದಿಲ್ಲ ಒಡೆಯಾ.”

ಇಲ್ಲಿಗೆ ಎಲ್ಲರೂ ನಗುತ್ತಾರೆ. ಇಪ್ಪತ್ತು ವರ್ಷ ನಾನು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು. ಹಳೇ ಬೀಜವೇ ದೊಡ್ಡದು ಅಂತ ಜನ ತಲೆ ಆಡಿಸಿಕೊಂಡು ಟೀ ಕುಡಿಯಲು ಹೋಗುತ್ತಿದ್ದರು.

ಆದರೆ ನಾನು ಕಥೆಯ ಬಾಲ ಕತ್ತರಿಸಿ ಹೇಳುತ್ತಿದ್ದೆ. ಆ ರಾತ್ರಿ ಏನಾಯಿತು? ತೂತು ಒಡೆದ ಶಬ್ದ ಕೇಳಿ ಅಮ್ಮ ಹೊರಗೆ ಬಂದು ಚಿಮಣಿ ಎಣ್ಣೆ ಡಬ್ಬ ಬಡಿದಳು. ಕೇರಿಯವರೆಲ್ಲ ಎದ್ದು ಬಂದರು. ಇಳಿತಕ್ಕೆ ಕಾದು, ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಹುಲ್ಲಿನ ಕಟ್ಟು, ಕೆಸರು, ಯಾರದೋ ಮನೆಯ ಹಳೇ ಬಾಗಿಲು ಎಲ್ಲ ತುರುಕಿ ಬೆಳಗಾಗುವುದರೊಳಗೆ ಒಡ್ಡು ಮುಚ್ಚಿದರು. ಆ ಬಾಗಿಲನ್ನು ನಾನು ನೋಡಿದ್ದೇನೆ, ಚಿಲಕ ಸಮೇತ ಒಡ್ಡಿನಿಂದ ಹೊರಗೆ ಇಣುಕುತ್ತಿತ್ತು. ಕಗ್ಗ ಉಪ್ಪು ತಡೆದದ್ದು ನಿಜ. ಆದರೆ ಒಂದು ರಾತ್ರಿಯ ಉಪ್ಪು. ಒಡ್ಡು ಹಾಗೇ ಬಾಯಿ ಬಿಟ್ಟುಕೊಂಡಿದ್ದರೆ ದಿನಕ್ಕೆ ಎರಡು ಉಬ್ಬರ. ಕಗ್ಗವಾದರೂ ಎಷ್ಟು ದಿನ ಈಸೀತು? ನನ್ನ ವರದಿಯಲ್ಲಿ ತಳಿಯ ಹೆಸರಿತ್ತು, ಇಳುವರಿಯ ಅಂಕಿ ಇತ್ತು. ಡಬ್ಬ ಇರಲಿಲ್ಲ.

ವಿಜ್ಞಾನಿಗಳ ಮೇಲೆ ನನಗೆ ಸಿಟ್ಟಿಲ್ಲ. ಅವರು ಮಾಡಿದ್ದು ಸಣ್ಣ ಕೆಲಸವಲ್ಲ. ಕೇರಳದ ಪೊಕ್ಕಾಲಿ ಗೊತ್ತಲ್ಲ, ಕಗ್ಗದ ಅಣ್ಣನೋ ತಮ್ಮನೋ ಅನ್ನಬಹುದು. ಅದರ ಒಂದನೇ ಕ್ರೋಮೋಸೋಮಿನಲ್ಲಿ ಉಪ್ಪು ತಡೆಯುವ ಗುಣದ ಒಂದು ತುಂಡು ಇದೆ ಅಂತ ಕಂಡುಹಿಡಿದು ‘ಸಾಲ್ಟಾಲ್’ ಅಂತ ಹೆಸರಿಟ್ಟರು. ಗಿಡದೊಳಗೆ ಸೋಡಿಯಂ, ಪೊಟ್ಯಾಸಿಯಂ ಲೆಕ್ಕ ತಪ್ಪದ ಹಾಗೆ ಅದು ನೋಡಿಕೊಳ್ಳುತ್ತದೆ. ಒಡಿಶಾದ ಎಫ್‌ಆರ್ 13ಎ ಅನ್ನುವ ಹಳೇ ತಳಿಯಿಂದ ‘ಸಬ್ 1’ ಅನ್ನುವ ಇಂಥದ್ದೇ ಇನ್ನೊಂದು ತುಂಡು ಸಿಕ್ಕಿತು. ಅದಿರುವ ಭತ್ತ ನೆರೆ ನೀರಿನಲ್ಲಿ ಪೂರ್ತಿ ಮುಳುಗಿದರೂ ಹೆದರಿ ಉದ್ದ ಬೆಳೆಯುವುದಿಲ್ಲ. ಶಕ್ತಿ ಉಳಿಸಿಕೊಂಡು, ಉಸಿರು ಹಿಡಿದು ಎರಡು ವಾರ ಸುಮ್ನೆ ಕೂರುತ್ತದೆ. ಅದನ್ನು ಸ್ವರ್ಣ ಭತ್ತಕ್ಕೆ ಸೇರಿಸಿ 2009ರಲ್ಲಿ ನಮ್ಮ ದೇಶದಲ್ಲಿ ಬಿಡುಗಡೆ ಮಾಡಿದರು. ಪೂರ್ವ ಭಾರತದ ರೈತರಿಗೆ ನಿಜವಾಗಿ ಅನುಕೂಲ ಆಗಿದೆ.

ಸಾಮಾನ್ಯ ಭತ್ತದ ಕಥೆ ಹೇಗೆಂದರೆ, ಮಣ್ಣಿನ ಉಪ್ಪಿನ ಅಳತೆ 3 ದಾಟಿದ ಕೂಡಲೇ ಇಳುವರಿ ಇಳಿಯಲು ಶುರು. ಡೆಸಿಸೀಮನ್ಸ್ ಅಂತ ಅದರ ಅಳತೆ, ಹೆಸರು ಮರೆತುಬಿಡಿ. ಸಮುದ್ರದ ನೀರು ಅದೇ ಅಳತೆಯಲ್ಲಿ 50ರ ಹತ್ತಿರ. ಸಸಿ ಇದ್ದಾಗ ಮತ್ತು ಹೂ ಬಿಡುವಾಗ ಭತ್ತ ಜಾಸ್ತಿ ಸೂಕ್ಷ್ಮ. ಈಗ ಸಮುದ್ರದ ಕಡೆ ನೋಡಿ. 1901ರಿಂದ 2018ರೊಳಗೆ ಜಗತ್ತಿನ ಸಮುದ್ರ ಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ. ಒಂದು ಗೇಣು, ಅಷ್ಟೇನಾ ಅನ್ನಬಹುದು. ಮಣ್ಣಿನ ಒಡ್ಡಿಗೆ ಒಂದು ಗೇಣು ಅಂದರೆ ಏನು ಅಂತ ಅದನ್ನು ಕಟ್ಟಿದವರನ್ನು ಕೇಳಿ. ಮೇಲಿಂದ ಚಂಡಮಾರುತ. 2019ರ ಅಕ್ಟೋಬರಿನಲ್ಲಿ ಕ್ಯಾರ್ ಬಂದಾಗ ಕರಾವಳಿಯಲ್ಲಿ ಕೊಯ್ಲಿನ ಹೊತ್ತು. 2021ರ ಮೇನಲ್ಲಿ ತೌಕ್ತೆ, ಅದು ಒಡ್ಡಿನ ಮಣ್ಣಿನ ಕೆಲಸ ಮಾಡುವ ಕಾಲ.

ಹಾಗಾಗಿ ಉಪ್ಪು ತಡೆಯುವ ಬೀಜ ಬೇಕೇ ಬೇಕು, ತಕರಾರಿಲ್ಲ. ಬೀಜವನ್ನು ಫ್ರೀಜರಿನಲ್ಲಿಟ್ಟು ಕಾಪಾಡಬಹುದು. ಡಬ್ಬ ಬಡಿದರೆ ಎದ್ದು ಬರುವ ಕೇರಿಯನ್ನು ಯಾವ ಫ್ರೀಜರಿನಲ್ಲಿ ಇಡುತ್ತೀರಿ? ಒಡ್ಡು ಯಾರು ಕಟ್ಟುತ್ತಾರೆ?

ಸರ್ಕಾರ ಗಟ್ಟಿ ಒಡ್ಡು ಕಟ್ಟಿಕೊಟ್ಟಿತಲ್ಲ ಅಂತ ಕೇಳಬಹುದು. ಹೌದು, ಕಟ್ಟಿಕೊಟ್ಟಿತು. ಕಟ್ಟಿದ ಮೇಲೆ ಜನ ವರ್ಷಾ ವರ್ಷಾ ಮಣ್ಣು ಹೊರುವುದನ್ನು ಬಿಟ್ಟರು. ಸರ್ಕಾರದ ಒಡ್ಡು ಸರ್ಕಾರವೇ ನೋಡಿಕೊಳ್ಳಲಿ ಅಂತ. ತಪ್ಪು ಅನ್ನಲಿಕ್ಕೆ ಬರುವುದಿಲ್ಲ, ನೀವಾದರೂ ಹಾಗೇ ಮಾಡುತ್ತಿದ್ದಿರಿ. ಏಡಿಗೆ ಮಾತ್ರ ಇದು ಯಾರ ಒಡ್ಡು ಅಂತ ಗೊತ್ತಾಗುವುದಿಲ್ಲ. ಆಮೇಲೆ ತೊಂಬತ್ತರ ದಶಕದಲ್ಲಿ ಶೆಟ್ಲಿ ಸಾಕುವ ಹುಚ್ಚು ಬಂತು. ಗಜನಿಯನ್ನು ಗುತ್ತಿಗೆಗೆ ಕೊಟ್ಟರೆ ಕೈಗೆ ರೊಕ್ಕ. ಶೆಟ್ಲಿಗೆ ಉಪ್ಪು ನೀರು ನಿಲ್ಲಬೇಕು, ಭತ್ತಕ್ಕೆ ಹೋಗಬೇಕು. ಜಂತ್ರಡಿಯ ಕೀಲಿ ಯಾರ ಕೈಯಲ್ಲಿ ಅನ್ನುವುದೇ ಜಗಳ. ಆಮೇಲೆ ಬಿಳಿಚುಕ್ಕೆ ರೋಗ ಬಂದು ಶೆಟ್ಲಿಯೂ ಸತ್ತಿತು. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಕಗ್ಗದ ಬೀಜ ಮುಗಿದಿತ್ತು. ಒಬ್ಬನೇ ಕಗ್ಗ ಬಿತ್ತಿದರೂ ಉಪಯೋಗವಿಲ್ಲ. ಸುತ್ತಲಿನ ಹಕ್ಕಿಗಳೆಲ್ಲ ಅವನೊಬ್ಬನ ಗದ್ದೆಗೇ ಊಟಕ್ಕೆ ಬರುತ್ತವೆ. ರಾಮ್ಸಾರ್ ಫೋಟೊದಲ್ಲಿದ್ದವೇ, ಬೇರೆಯವಲ್ಲ.

ಮಾಣಿಕಟ್ಟಾ ಕಡೆ ರೈತರು ಒಟ್ಟಾಗಿ ಮತ್ತೆ ಕಗ್ಗ ಬಿತ್ತಿದ್ದಾರೆ. ಎಲ್ಲರದೂ ಒಂದೇ ಗದ್ದೆ ಅನ್ನುವ ಹಾಗೆ ಬಿತ್ತನೆ, ಒಟ್ಟಿಗೆ ಕೊಯ್ಲು. ನನಗೆ ಬೇಕಾದ ಸಂಶೋಧನೆ ಅದರ ಮೇಲೆ. ಆ ಲೆಕ್ಕ ಹೇಗೆ ಇಡುತ್ತಾರೆ, ಕೆಲಸಕ್ಕೆ ಬರದವನ ಪಾಲು ಏನು, ಮೀನಿನ ಹರಾಜಿನ ದುಡ್ಡಿನಲ್ಲಿ ಒಡ್ಡಿಗೆ ಎಷ್ಟು ಎತ್ತಿಡಬೇಕು. ಒಡ್ಡಿನ ಹೊರಗೆ ಕಾಂಡ್ಲಾ ಗಿಡ, ಅಂದರೆ ಮ್ಯಾಂಗ್ರೋವ್, ಇದ್ದರೆ ಅಲೆಯ ಪೆಟ್ಟು ಎಷ್ಟು ತಪ್ಪುತ್ತದೆ. ಇದನ್ನು ಅಳೆಯಲಿಕ್ಕೆ ಜಾಸ್ತಿ ಉಪಕರಣ ಬೇಡ. ಮೂರು ಮಳೆಗಾಲ ಅಲ್ಲೇ ಇರುವ ಹುಡುಗನೋ ಹುಡುಗಿಯೋ ಬೇಕು. ಈಗಿನ ಯೋಜನೆಗಳಲ್ಲಿ ಮಳೆಗಾಲ ಶುರುವಾಗುವ ಹೊತ್ತಿಗೆ ಅನುದಾನ ಬರುತ್ತದೆ, ಕೊಯ್ಲಿನ ಹೊತ್ತಿಗೆ ವರದಿ ಕೇಳುತ್ತಾರೆ.

ಚೀಟಿ ಬಂತು. ‘5 ನಿಮಿಷ’ ಅಂತ ಇದೆ. ನಾನಿನ್ನೂ ಘಟ್ಟ ಹತ್ತಿಲ್ಲ! ಅಡಿಕೆ ಬಗ್ಗೆ ಆರು ಹಾಳೆ ಬರೆದುಕೊಂಡು ಬಂದಿದ್ದೆ.

ಇರಲಿ, ಬೇಗ ಹೇಳುತ್ತೇನೆ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೊ ದ್ರಾವಣ ಇದೆ, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಮಕ್ಕಳಿಗೂ ಬಾಯಿಪಾಠ. ಮದ್ದು ಇದೆ, ಮರ ಹತ್ತುವವರು ಇಲ್ಲ. ಮಳೆ ನಡುವೆ ಹೊಳವು, ಅಂದರೆ ಬಿಡುವು, ಸಿಕ್ಕುವುದು ಎರಡು ದಿನ, ಆ ಎರಡು ದಿನವೂ ಊರಿಗೆಲ್ಲ ಮರ ಹತ್ತುವ ಕೊನೆಗೌಡ ಒಬ್ಬನೇ. ಅಲ್ಲಿನ ಒಡ್ಡು ಇಲ್ಲಿ ಮರ, ಪ್ರಶ್ನೆ ಅದೇ. ನೆಲದಲ್ಲೇ ನಿಂತು ಕೆಲಸ ಮಾಡುವ ಉದ್ದ ಕೋಲು, ಕಾರ್ಬನ್ ಫೈಬರ್ ದೋಟಿ ಬಂದದ್ದು ನನಗೆ ಇದಕ್ಕೇ ಖುಷಿ. ಯಾರು ಮಾಡುತ್ತಾರೆ ಅಂತ ಮೊದಲು ಕೇಳಿಕೊಂಡು ಮಾಡಿದ ಸಾಧನ ಅದು.

ಅಡಿಕೆಯ ಎಲೆಚುಕ್ಕೆ ರೋಗದ ಮಾತು ಬಿಟ್ಟೆ, ನಾಳೆ ಬೇರೆಯವರು ಹೇಳುತ್ತಾರೆ. ಭತ್ತದ ಗದ್ದೆಗೆಲ್ಲ ಅಡಿಕೆ ಹಾಕಿ ಅಕ್ಕಿ ಅಂಗಡಿಯಿಂದ ತರುತ್ತೇವೆ, ಅದನ್ನೂ ಬಿಟ್ಟೆ, ಊಟ ಹಾಕಿದವರ ಎದುರು ಹೇಳುವುದು ಸರಿಯಲ್ಲ. ವಿಮೆಯದು ಒಂದೇ ಮಾತು. ಮಳೆ ಲೆಕ್ಕದ ಮೇಲೆ ಅಡಿಕೆ, ಮೆಣಸಿಗೆ ಪರಿಹಾರ ಕೊಡುತ್ತಾರಲ್ಲ. ಒಂದು ಊರಿನ ಮಳೆಮಾಪಕ ನೋಡಿದೆ, ಯಾವ ಊರು ಅಂತ ಕೇಳಬೇಡಿ. ಹಲಸಿನ ಮರದ ಬುಡದಲ್ಲಿ ಇಟ್ಟಿದ್ದರು. ಬಾಯಿಗೆ ಹಲಸಿನ ಎಲೆ ಮುಚ್ಚಿಕೊಂಡಿತ್ತು. ತೋಟದ ತುಂಬಾ ಕೊಳೆ, ಕಾಗದದಲ್ಲಿ ಬರಗಾಲ. ಎಲೆ ತೆಗೆಯುವ ಕೆಲಸ ಯಾರದು ಅಂತ ನಾಲ್ಕು ಕಡೆ ಕೇಳಿದೆ. ನಾಲ್ಕು ಕಡೆಯೂ ಇನ್ನೊಬ್ಬರ ನಂಬರ್ ಕೊಟ್ಟರು.

ಇನ್ನೊಂದು ಚೀಟಿ ಬಂತು. ಇದರಲ್ಲಿ ಬರೀ ಎರಡು ಗೆರೆ ಎಳೆದಿದ್ದಾರೆ.

ಮುಗಿಸುತ್ತೇನೆ. ಮುಂದಿನ ವಾರ ನಾವು ನಾಲ್ಕು ಜನ ಗಜನಿ ಕಡೆ ಇಳಿಯುತ್ತಿದ್ದೇವೆ. ಮೃಗಶಿರ ಮಳೆಗೆ ಮೊದಲು ಅಲ್ಲಿ ಒಂದು ಕಡೆ ಒಡ್ಡಿನ ಕೆಲಸ ಇದೆ. ಜೀಪಿನಲ್ಲಿ ಮೂರು ಸೀಟು ಖಾಲಿ. ಸಂಶೋಧನೆ ಮಾಡುವ ಹುಡುಗರು ಬಂದರೆ ಒಳ್ಳೆಯದು, ಲ್ಯಾಪ್‌ಟಾಪ್ ತಂದರೂ ಅಡ್ಡಿಯಿಲ್ಲ, ದಡದಲ್ಲಿ ಇಡಲಿಕ್ಕೆ ಜಾಗ ಇದೆ. ಒಂದು ಜತೆ ಹಳೇ ಬಟ್ಟೆ ತನ್ನಿ. ಇಳಿತ ಬೆಳಗಿನ ಜಾವ ಇರುವುದರಿಂದ ಶಿರಸಿಯಿಂದ ರಾತ್ರಿ 2 ಗಂಟೆಗೇ ಹೊರಡಬೇಕು. ಹೆಸರು ಕೊಡುವವರು ಟೀ ಕೌಂಟರ್ ಹತ್ತಿರ ಸಿಗಿ.