ಬ್ರೌಸರಿನ ಪ್ರಯೋಗವು ಮಾನದಂಡವಾಗುವ ಬಗೆ

ಮಾನ್ಯ ಕೇಳುಗರೆ, ನಮಸ್ಕಾರ. ಜಾಲತಾಣ ಕಟ್ಟುವುದನ್ನು ಈಗಷ್ಟೇ ಕಲಿಯುತ್ತಿರುವ ಯುವಮಿತ್ರರಿಗೆ ನಾನು ಹೇಳಬಯಸುವುದು ಒಂದೇ ಮಾತು. ಯಾವುದೋ ಒಂದು ಬ್ರೌಸರಿನಲ್ಲಿ ಕೆಲಸ ಮಾಡಿದ ಮಾತ್ರಕ್ಕೆ ಒಂದು ಸೌಲಭ್ಯವು ಮಾನದಂಡವಾಗುವುದಿಲ್ಲ. ಬೇರೆ ಬೇರೆ ತಂಡಗಳು ಕಟ್ಟಿದ ಎರಡು ಬ್ರೌಸರುಗಳಾದರೂ ಒಂದೇ ನಿಯಮದ ಬರಹವನ್ನು ಓದಿ ಒಂದೇ ರೀತಿ ನಡೆದುಕೊಳ್ಳಬೇಕು.

ನನಗೆ ಬಹಳ ಪ್ರಿಯವಾದ ಪ್ರಸಂಗವೊಂದಿದೆ. ಬಳಕೆದಾರರು ಏನು ಮಾಡಿದರೆಂದು ಬ್ರೌಸರು ಪುಟಕ್ಕೆ ತಿಳಿಸುವ ಸೂಚನೆಗೆ ಈವೆಂಟು ಎನ್ನುತ್ತಾರೆ. ಐಫೋನಿನೊಂದಿಗೆ ಬಂದ ಟಚ್ ಈವೆಂಟುಗಳು ಬೆರಳಿನ ಸ್ಪರ್ಶವನ್ನೇ ಎದುರಿಗಿಟ್ಟುಕೊಂಡು ರೂಪುಗೊಂಡವು. ಮೌಸಿಗೆ ಬೇರೆ ಕೋಡನ್ನೇ ಬರೆಯಬೇಕಾಗಿತ್ತು. ಮೈಕ್ರೋಸಾಫ್ಟ್ ಸಂಸ್ಥೆಯು 2012ರಲ್ಲಿ, ಇಂಟರ್ನೆಟ್ ಎಕ್ಸ್‌ಪ್ಲೋರರ್ 10ರಲ್ಲಿ, ಬೆರಳು, ಪೆನ್ನು, ಮೌಸ್ ಮೂರನ್ನೂ ಪಾಯಿಂಟರ್ ಎಂಬ ಒಂದೇ ಹೆಸರಿನಡಿ ತಂದಿತು. ಆದರೆ ಆ ಈವೆಂಟುಗಳ ಹೆಸರಿನ ಮುಂದೆ 'ಎಂಎಸ್' ಎಂಬ ಎರಡು ಅಕ್ಷರಗಳಿದ್ದವು. ಇದಿನ್ನೂ ಪ್ರಯೋಗ, ಬದಲಾಗಬಹುದು ಎಂಬುದೇ ಅದರ ಸೂಚನೆ. ಬದಲಾಗಿಯೂ ಬಿಟ್ಟಿತು! ಸಾಧನ ಯಾವುದೆಂದು ಕೇಳಿದರೆ 10ನೆಯ ಆವೃತ್ತಿ ಬೆರಳಿಗೆ 2, ಪೆನ್ನಿಗೆ 3, ಮೌಸಿಗೆ 4 ಎಂದು ಅಂಕಿಯಲ್ಲಿ ಉತ್ತರಿಸುತ್ತಿತ್ತು. 11ನೆಯದು ಪದಗಳಲ್ಲಿ ಉತ್ತರಿಸತೊಡಗಿತು. ಅಂಕಿಯನ್ನೇ ನಂಬಿ ಬರೆದ ಕೋಡು ಕೆಟ್ಟರೆ ಅದಕ್ಕೆ ಬ್ರೌಸರನ್ನು ದೂರಿ ಫಲವಿಲ್ಲ, ಎಚ್ಚರಿಕೆ ಹೆಸರಿನಲ್ಲೇ ಇತ್ತಲ್ಲ!

ಜಾಲದ ಮಾನದಂಡಗಳನ್ನು ರೂಪಿಸುವ ವಿಶ್ವವ್ಯಾಪಿ ಜಾಲದ ಒಕ್ಕೂಟವು, ಅಂದರೆ ಡಬ್ಲ್ಯೂ-ತ್ರೀ-ಸಿ, 2015ರ ಫೆಬ್ರವರಿಯಲ್ಲಿ ಈ ಪಾಯಿಂಟರ್ ಈವೆಂಟುಗಳಿಗೆ ಶಿಫಾರಸಿನ, ಅಂದರೆ ಮಾನದಂಡದ, ಮುದ್ರೆ ಒತ್ತಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಬೆರಳು ಸರಿದಂತೆಲ್ಲ ಅದರ ಕೆಳಗೆ ಪುಟದ ಯಾವ ಭಾಗವಿದೆ ಎಂದು ಹುಡುಕುತ್ತ ಹೋದರೆ ವೇಗ ಕುಂದುತ್ತದೆ ಎಂಬುದೂ ಸೇರಿದಂತೆ ಹಲವು ಕಾರಣಗಳಿಂದ ಕ್ರೋಮ್ ತಂಡವು 2014ರಲ್ಲಿ ಇದನ್ನು ಅಳವಡಿಸುವುದರಿಂದ ಹಿಂದೆ ಸರಿದಿತ್ತು. ಮರುವರ್ಷ ಮನಸ್ಸು ಬದಲಾಯಿಸಿ, 2016ರಲ್ಲಿ ಸೌಲಭ್ಯವನ್ನು ಬಳಕೆದಾರರಿಗೆ ಕೊಟ್ಟಿತು. ಫೈರ್‌ಫಾಕ್ಸ್ 2018ರಲ್ಲಿ ಬಂದು ಸೇರಿತು, ಸಫಾರಿ 2019ರಲ್ಲಿ. ಮುದ್ರೆ ಬಿದ್ದ ಮೇಲೂ ನಾಲ್ಕು ವರ್ಷ ಕಾಯಬೇಕಾಯಿತು! ಆದ್ದರಿಂದಲೇ ಮತ್ತೆ ಹೇಳುತ್ತೇನೆ, ಒಂದು ಬ್ರೌಸರಿನಲ್ಲಿ ನಡೆದದ್ದನ್ನು ಮಾನದಂಡವೆನ್ನಬೇಡಿ.

ಪ್ರಸಂಗವೇ ಉದ್ದವಾಯಿತು, ಬ್ರೌಸರುಗಳು ಒಂದೇ ರೀತಿ ನಡೆದುಕೊಳ್ಳುತ್ತವೆಯೇ ಎಂದು ನೋಡುವ ಪರೀಕ್ಷೆಗಳ ಬಗ್ಗೆ ಎರಡೇ ಮಾತು ಸಾಕು. ನಿಯಮದ ಪ್ರತಿ ವಾಕ್ಯಕ್ಕೂ ಯಂತ್ರವೇ ಓಡಿಸಬಲ್ಲ ಪರೀಕ್ಷೆಯಿರಬೇಕು, ಮತ್ತು ಆ ಪರೀಕ್ಷೆಗಳನ್ನು ಎಲ್ಲ ಬ್ರೌಸರುಗಳೂ ಹಂಚಿಕೊಳ್ಳಬೇಕು. ಇನ್ನು ಮಾನದಂಡ ರೂಪಿಸುವಾಗ ಮರೆಯಬಾರದ ಖಾಸಗಿತನದ ವಿಚಾರ. ಗೇಮ್‌ಪ್ಯಾಡ್, ಅಂದರೆ ಆಟವಾಡಲು ಕೈಯಲ್ಲಿ ಹಿಡಿಯುವ ಗುಂಡಿಗಳ ಸಾಧನ, ಜೋಡಿಸಿದ್ದರೂ ಬಳಕೆದಾರರು ಅದರ ಗುಂಡಿಯೊಂದನ್ನು ಒತ್ತುವವರೆಗೆ ಪುಟಕ್ಕೆ ಅದು ಕಾಣದಂತೆ ಬ್ರೌಸರುಗಳು ನೋಡಿಕೊಳ್ಳುತ್ತವೆ. ಯಾರ ಬಳಿ ಯಾವ ಸಾಧನವಿದೆ ಎಂಬುದು ಪುಟ ತೆರೆದ ಕೂಡಲೇ ಕಂಡವರಿಗೆಲ್ಲ ತಿಳಿಯಬಾರದಷ್ಟೆ. ನಮಸ್ಕಾರ.