ಹದಿನಾರು ಟೀಮಿನ ಲೀಗಲ್ಲಿ ಕ್ವಾರ್ಟರ್‌ಬ್ಯಾಕ್‌ಗೆ ಕಾಯಬೇಡಿ

"ಕ್ವಾರ್ಟರ್‌ಬ್ಯಾಕ್‌ಗೆ ಅವಸರ ಬೇಡ, ಕೊನೇಲಿ ತಗೊಂಡ್ರಾಯ್ತು." ಫ್ಯಾಂಟಸಿ ಫುಟ್‌ಬಾಲ್ (ಅಮೆರಿಕನ್ ಫುಟ್‌ಬಾಲಿನ ನಿಜವಾದ ಆಟಗಾರರನ್ನ ಡ್ರಾಫ್ಟಲ್ಲಿ ಸರದಿ ಪ್ರಕಾರ ಆರಿಸಿ ಟೀಮ್ ಕಟ್ಟಿ, ಅವರ ಆಟಕ್ಕೆ ಪಾಯಿಂಟ್ ಗಳಿಸೋದು) ಆಡೋರೆಲ್ಲ ಈ ಮಾತು ಕೇಳಿರ್ತೀರಿ (ಕ್ವಾರ್ಟರ್‌ಬ್ಯಾಕ್ ಅಂದ್ರೆ ಚೆಂಡು ಎಸೆದು ಆಟ ನಡೆಸೋನು). 10 ಟೀಮಿನ ಲೀಗಿಗೆ ಇದು ಸರಿಯಾದ ಮಾತೇ. 16 ಟೀಮಿನ ಲೀಗಲ್ಲಿ ಇದನ್ನೇ ನಂಬ್ಕೊಂಡು ಕೂತ್ರೆ ಅಕ್ಟೋಬರ್ ಹೊತ್ತಿಗೆ ಕೈ ಖಾಲಿ.

ಲೆಕ್ಕ ನೋಡಿ. ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಇರೋದೇ 32 ಟೀಮು, ಅಂದ್ರೆ ಟೀಮಿಗೊಬ್ಬರಂತೆ ಪಂದ್ಯ ಶುರು ಮಾಡೋ 32 ಕ್ವಾರ್ಟರ್‌ಬ್ಯಾಕ್‌ಗಳು (ಸ್ಟಾರ್ಟರ್‌ಗಳು). 10 ಟೀಮಿನವರು ಇಬ್ಬಿಬ್ಬರನ್ನ ಇಟ್ಕೊಂಡ್ರೂ ವೇವರ್‌ನಲ್ಲಿ (ಯಾವ ಟೀಮೂ ತಗೊಳ್ಳದ ಆಟಗಾರರ ಪಟ್ಟಿ) 12 ಜನ ಉಳೀತಾರೆ. 16 ಟೀಮಿನವರು ಇಬ್ಬಿಬ್ಬರನ್ನ ಇಟ್ಕೊಂಡ್ರೆ ಒಬ್ಬನೂ ಉಳಿಯಲ್ಲ. 2023ರಲ್ಲಿ ಕ್ವಾರ್ಟರ್‌ಬ್ಯಾಕ್ ಆರನ್ ರಾಡ್ಜರ್ಸ್ ನ್ಯೂಯಾರ್ಕ್ ಜೆಟ್ಸ್ ಪರ ಆಡಿದ್ದು ನಾಲ್ಕೇ ನಾಲ್ಕು ಸ್ನ್ಯಾಪ್ (ಚೆಂಡು ಕೈಗೆ ಬಂದು ಶುರುವಾಗೋ ಒಂದೊಂದು ಸಲದ ಆಟ), ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿದು ಇಡೀ ಸೀಸನ್ ಹೋಯ್ತು. ಅಂಥ ಹೊತ್ತಲ್ಲಿ ಸಣ್ಣ ಲೀಗಿನವರಿಗೆ ಆ ವಾರವೇ ಬದಲಿ ಸಿಗ್ತಾನೆ. ದೊಡ್ಡ ಲೀಗಲ್ಲಿ ಒಳ್ಳೇ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡೋನು) ಒಬ್ಬನನ್ನ ಟ್ರೇಡ್‌ಗೆ ಬಿಟ್ಟುಕೊಡಬೇಕು.

ಹಾಗಂತ ಮೊದಲೆರಡು ರೌಂಡಲ್ಲೇ ಜಾಶ್ ಅಲೆನ್‌ನಂಥ ದೊಡ್ಡ ಕ್ವಾರ್ಟರ್‌ಬ್ಯಾಕ್‌ಗೆ ಕೈ ಹಾಕಬೇಡಿ. ಟೀಮಿಗೆ ವಾರಕ್ಕೆ ಇಬ್ಬರು ರನ್ನಿಂಗ್ ಬ್ಯಾಕ್ ಅಂದ್ರೂ ಲೀಗಿಗೆ 32 ಜನ ಬೇಕು. ಆ ಬರ ಇನ್ನೂ ಭೀಕರ. ನನ್ನ ಪ್ರಕಾರ ಮೊದಲ ಕ್ವಾರ್ಟರ್‌ಬ್ಯಾಕ್ 5ರಿಂದ 7ನೇ ರೌಂಡಿನೊಳಗೆ, ಎರಡನೆಯವನು 10 ಅಥವಾ 11ರಲ್ಲಿ.

ಯಾರನ್ನ? ಓಡೋನನ್ನ. ಸಾಮಾನ್ಯ ಸ್ಕೋರಿಂಗ್‌ನಲ್ಲಿ 25 ಪಾಸಿಂಗ್ ಯಾರ್ಡ್‌ಗೆ 1 ಪಾಯಿಂಟ್, ಓಡಿದ್ರೆ 10 ಯಾರ್ಡ್‌ಗೇ 1. ಅಂದ್ರೆ 50 ಯಾರ್ಡ್ ಓಟ 125 ಯಾರ್ಡ್ ಪಾಸಿಗೆ ಸಮ. ಟಚ್‌ಡೌನ್ (ಚೆಂಡನ್ನ ಎದುರಾಳಿಯ ಕೊನೆಯ ಗೆರೆ ದಾಟಿಸೋದು) ಪಾಸಿಂದ ಬಂದ್ರೆ 4, ಓಡಿ ಹೊಡೆದ್ರೆ 6. ಜೇಲನ್ ಹರ್ಟ್ಸ್ 2023ರಲ್ಲಿ ಓಡಿ ಹೊಡೆದ 15 ಟಚ್‌ಡೌನ್‌ಗಳಿಂದಲೇ 90 ಪಾಯಿಂಟ್ ಬಂತು. ಆದ್ರೆ ನಿಮ್ಮ ಲೀಗಿನ ಸೆಟ್ಟಿಂಗ್ ಒಮ್ಮೆ ತೆಗೆದು ನೋಡಿ. ಪಾಸಿಂಗ್ ಟಚ್‌ಡೌನ್‌ಗೂ 6 ಇದ್ರೆ ಲೆಕ್ಕ ತಿರುಗುತ್ತೆ: 2024ರಲ್ಲಿ 43 ಹೊಡೆದ ಜೋ ಬರೋಗೆ ಅಷ್ಟರಿಂದಲೇ 86 ಪಾಯಿಂಟ್ ಹೆಚ್ಚಿಗೆ.

ಇನ್ನು ಡ್ರಾಫ್ಟ್ ನಡೆಯೋವಾಗ. ನೀವು 14ನೇ ಸ್ಥಾನದಲ್ಲಿದ್ದೀರಿ ಅಂದ್ಕೊಳ್ಳಿ. ಸ್ನೇಕ್ ಡ್ರಾಫ್ಟಲ್ಲಿ (ಪ್ರತಿ ರೌಂಡಿಗೂ ಸರದಿ ಹಿಂದುಮುಂದು ತಿರುಗುತ್ತೆ) 5ನೇ ರೌಂಡಿಗೆ ನಿಮ್ಮದು 78ನೇ ಪಿಕ್, 6ನೇ ರೌಂಡಿಗೆ 83. ನಡುವೆ ಇರೋದು ನಾಲ್ಕು ಪಿಕ್, ಎಲ್ಲಾ 15 ಮತ್ತು 16ನೇ ಟೀಮಿನವರದ್ದೇ. ಅವರಿಬ್ಬರ ಹತ್ರ ಆಗಲೇ ಕ್ವಾರ್ಟರ್‌ಬ್ಯಾಕ್ ಇದ್ರೆ 78ರಲ್ಲಿ ವೈಡ್ ರಿಸೀವರ್ (ಪಾಸ್ ಹಿಡಿಯೋನು) ತಗೊಳ್ಳಿ, ನಿಮ್ಮ ಹುಡುಗ ಬಹುಮಟ್ಟಿಗೆ 83ರಲ್ಲಿ ಸಿಗ್ತಾನೆ. ಆದ್ರೆ 83 ದಾಟಿಸಿದ್ರೆ ಮುಂದಿನ ಸರದಿ 110ಕ್ಕೆ. ನಡುವೆ 26 ಪಿಕ್! ಒಬ್ಬ ಶುರು ಮಾಡಿದ್ರೆ ಸಾಕು, ಗಾಬರಿಗೆ ಐದಾರು ಜನ ಸಾಲಾಗಿ ಕ್ವಾರ್ಟರ್‌ಬ್ಯಾಕ್‌ಗಳನ್ನೇ ಎತ್ತುತ್ತಾರೆ.

ಎರಡನೆಯವನಲ್ಲಿ ಮಿಂಚು ಹುಡುಕಬೇಡಿ, ಕೆಲಸ ಗಟ್ಟಿ ಇದೆಯಾ ನೋಡಿ. ಬೆಂಚಲ್ಲಿ ಎನ್‌ಎಫ್‌ಎಲ್ ಡ್ರಾಫ್ಟಿನ ಮೊದಲ ಸುತ್ತಲ್ಲಿ ಆಯ್ಕೆಯಾದ ಹೊಸಬ (ರೂಕಿ) ಕಾಯ್ತಾ ಕೂತಿದ್ರೆ ಆ ಸ್ಟಾರ್ಟರ್ ಬೇಡ. ಬೈ ವಾರವೂ (ಟೀಮಿಗೆ ಪಂದ್ಯ ಇಲ್ಲದ ವಾರ) ಇಬ್ಬರಿಗೂ ಬೇರೆ ಇರಲಿ. ನಿಮ್ಮ ಸ್ಟಾರ್ಟರ್‌ನ ಟೀಮಿನ ಬ್ಯಾಕಪ್ಪನ್ನೇ ತಗೊಂಡ್ರೆ ಗಾಯಕ್ಕೆ ಆಸರೆ ಆಗಬಹುದು, ಆದ್ರೆ ಬೈ ವಾರ ಇಬ್ಬರೂ ರಜೆ. ಸೂಪರ್‌ಫ್ಲೆಕ್ಸ್ ಲೀಗಾದ್ರೆ (ಒಂದೇ ವಾರ ಎರಡನೇ ಕ್ವಾರ್ಟರ್‌ಬ್ಯಾಕನ್ನೂ ಆಡಿಸಬಹುದಾದ ಲೀಗ್) ಇದ್ಯಾವುದೂ ನಡೆಯಲ್ಲ. ಮೊದಲ ಮೂರು ರೌಂಡಲ್ಲಿ ಇಬ್ಬರು ಕೈಲಿರಲೇಬೇಕು.

ಬೆಂಗಳೂರಲ್ಲಿ ಕೂತು ಅಮೆರಿಕದ ಗೆಳೆಯರ ಲೀಗಲ್ಲಿ ಆಡೋರು ಒಂದು ಗಮನಿಸಿ: ಯಾರು ಆಡಲ್ಲ ಅನ್ನೋ ಪಟ್ಟಿ ಪಂದ್ಯಕ್ಕೆ 90 ನಿಮಿಷ ಮುಂಚೆ ಬರುತ್ತೆ. ಭಾನುವಾರದ ಮೊದಲ ಪಂದ್ಯಗಳಿಗೆ ಅದು ನಮ್ಮ ರಾತ್ರಿ 9 ಗಂಟೆ, ನವೆಂಬರ್ ಮೊದಲ ಭಾನುವಾರದಿಂದ 10 ಗಂಟೆ. ಎರಡನೇ ಕ್ವಾರ್ಟರ್‌ಬ್ಯಾಕನ್ನ ಒಳಗೆ ತರಬೇಕಾ ಅಂತ ಆಗಲೇ ತೀರ್ಮಾನಿಸಿ.