ಮಂಡ್ಯದ ಹುಡುಗಿಗೆ ಪಕ್ಕದ ಸೀಟಲ್ಲಿ ಸೀನಿಯರ್ ಇಲ್ಲ

ಎಲ್ಲರಿಗೂ ನಮಸ್ಕಾರ. ಮೈಸೂರು, ಮಂಡ್ಯ ಕಡೆ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೆ, ಅಂದ್ರೆ ಯಾರು ಬೇಕಾದ್ರೂ ಕೋಡ್ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್‌ಗೆ, ಕೋಡ್ ಬರೀತಿರೋರಿಗೆ, ಬರೀಬೇಕು ಅಂತ ಆಸೆ ಇಟ್ಕೊಂಡಿರೋರಿಗೆ ಇವತ್ತಿನ ಮಾತು. ವಿಷಯ ಡಾಕ್ಯುಮೆಂಟೇಶನ್, ಅಂದ್ರೆ ಪ್ರೋಗ್ರಾಂನ ಹೇಗೆ ಓಡಿಸ್ಬೇಕು, ಅದು ಯಾಕೆ ಹಾಗಿದೆ ಅಂತ ಬರೆದಿಡೋ ವಿವರಣೆ. ಒಂದು ಪ್ರಾಜೆಕ್ಟ್ ಒಳಗೆ ಯಾರು ಬರ್ತಾರೆ, ಯಾರು ಹೊಸ್ತಿಲಲ್ಲೇ ನಿಂತು ವಾಪಸ್ ಹೋಗ್ತಾರೆ ಅನ್ನೋದನ್ನ ತೀರ್ಮಾನ ಮಾಡೋದು ಅದೇ ಅಂತ ನಾನು ನಂಬಿದ್ದೀನಿ.

ಬೆಂಗಳೂರಿನ ದೊಡ್ಡ ಕಂಪನೀಲಿ ಕೂತು ಕೆಲಸ ಮಾಡೋರಿಗೆ ಒಂದು ಅನುಕೂಲ ಇದೆ. ಕೋಡ್ ಅರ್ಥ ಆಗ್ಲಿಲ್ವಾ, ಕುರ್ಚಿ ತಿರುಗಿಸಿ ಪಕ್ಕದೋರನ್ನ ಕೇಳ್ತಾರೆ. ಈಗ ಮಂಡ್ಯದಲ್ಲಿ ಇಂಜಿನಿಯರಿಂಗ್ ಓದ್ತಿರೋ ಒಬ್ಬ ಹುಡುಗೀನ ಯೋಚನೆ ಮಾಡಿ. ನಾಗಮಂಗಲ ಕಡೆಯೋಳು, ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ. ರಾತ್ರಿ ಹಾಸ್ಟೆಲ್‌ನಲ್ಲಿ ಕೂತು ಒಂದು ಪ್ರಾಜೆಕ್ಟ್ ಇಳಿಸ್ಕೋತಾಳೆ. ಅದರ ಜೊತೆಗಿರೋ ರೀಡ್‌ಮಿ ಅನ್ನೋ ಸೂಚನೆಗಳ ಫೈಲಲ್ಲಿ ಹೇಳಿದ ಹಾಗೇ ಮಾಡ್ತಾಳೆ, ಎರರ್ ಬರುತ್ತೆ. ಯಾಕಂದ್ರೆ ಆ ಪ್ರಾಜೆಕ್ಟ್ ಬಳಸೋ ಲೈಬ್ರರಿಯ (ಬೇರೆಯೋರು ಬರೆದಿಟ್ಟ ಸಿದ್ಧ ಕೋಡ್) ವರ್ಷನ್ ಯಾವತ್ತೋ ಬದಲಾಗಿದೆ, ರೀಡ್‌ಮಿ ಬದಲಾಗಿಲ್ಲ. ಚಾಟ್‌ನಲ್ಲಿ ಕೇಳೋಣ ಅಂದ್ರೆ ಅಲ್ಲಿ ಎಲ್ಲರೂ ಫಟಫಟ ಅಂತ ಇಂಗ್ಲಿಷಲ್ಲಿ ಮಾತಾಡ್ತಿದ್ದಾರೆ. ಲ್ಯಾಪ್‌ಟಾಪ್ ಮುಚ್ಚಿ, ‘ಇದು ನನಗೆ ಬರೋ ವಿದ್ಯೆ ಅಲ್ಲ’ ಅಂತ ಮಲಗ್ತಾಳೆ. ಅವಳಿಗೆ ವಿದ್ಯೆ ಬರುತ್ತೆ ಕಣ್ರೀ! ಇರ್ಬೇಕಾಗಿದ್ದ ಒಂದು ಸಾಲು ಅಲ್ಲಿ ಇರ್ಲಿಲ್ಲ, ಅಷ್ಟೆ. ನನಗೆ ಸಂಕಟ ಆಗೋದು ಇದಕ್ಕೆ.

ಇದು ನಮ್ಮ ಕಡೆ ಮಾತ್ರ ಇರೋ ಕಷ್ಟ ಅಂದ್ಕೋಬೇಡಿ. 2017ರಲ್ಲಿ ಕೋಡ್ ಹಂಚ್ಕೊಳ್ಳೋ ಜಾಲತಾಣ ಗಿಟ್‌ಹಬ್, ಓಪನ್ ಸೋರ್ಸ್ ಜನರ ಮಧ್ಯೆ ಒಂದು ದೊಡ್ಡ ಸಮೀಕ್ಷೆ ಮಾಡ್ತು. ಅರ್ಧಂಬರ್ಧ ಇರೋ, ಹಳತಾಗಿರೋ ಡಾಕ್ಯುಮೆಂಟೇಶನ್ ದೊಡ್ಡ ತೊಂದರೆ ಅಂತ ಹೇಳಿದೋರು ಶೇ. 93. ಅದೇ ಸಮೀಕ್ಷೇಲಿ, ಕೊಡುಗೆ ಕೊಡೋರಲ್ಲಿ ಶೇ. 60 ಜನ ‘ನಾವು ಡಾಕ್ಯುಮೆಂಟೇಶನ್ ಬರೆಯೋಕೆ ಹೋಗೋದು ಅಪರೂಪ, ಇಲ್ಲಾ ಹೋಗೋದೇ ಇಲ್ಲ’ ಅಂದಿದ್ದಾರೆ. ಇನ್ನೊಂದು ಅಂಕಿ ನನಗೆ ಇವೆರಡಕ್ಕಿಂತ ಮುಖ್ಯ ಅನ್ಸುತ್ತೆ: ಹೆಚ್ಚೂಕಮ್ಮಿ ಕಾಲು ಭಾಗ ಜನ ತಮಗೆ ಇಂಗ್ಲಿಷ್ ಓದೋಕೆ ಬರೆಯೋಕೆ ಅಷ್ಟು ಚೆನ್ನಾಗಿ ಬರಲ್ಲ ಅಂತ ಹೇಳ್ಕೊಂಡಿದ್ದಾರೆ. ನಾಗಮಂಗಲದ ಹುಡುಗಿ ಒಬ್ಬಳೇ ಅಲ್ಲ.

ನಮ್ಮ ಹಳೇ ಮೈಸೂರು ಸೀಮೆ ಕೆರೆಗಳಿಗೆ ನೀರುಗಂಟಿ ಅಂತ ಇರ್ತಿದ್ರು. ತೂಬು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಯಾವಾಗ ನೀರು ಬಿಡಬೇಕು, ಎಲ್ಲಾ ಅವರ ತಲೇಲಿ. ಬರೆದಿಡದೇ ಇದ್ರೂ ನಡೀತಿತ್ತು, ಯಾಕಂದ್ರೆ ಮಗ ಅಪ್ಪನ ಹಿಂದೆ ಏರಿ ಮೇಲೆ ಓಡಾಡಿ ಕಲೀತಿದ್ದ. ಓಪನ್ ಸೋರ್ಸ್‌ನಲ್ಲಿ ಹಾಗೆ ಹಿಂದೆ ಓಡಾಡೋರು ಯಾರಿದ್ದಾರೆ? ಕೋಡ್ ಬರೆದೋರು ಹೊಸ ಕೆಲಸಕ್ಕೆ ಸೇರ್ತಾರೆ, ಮಗು ಹುಟ್ಟುತ್ತೆ, ಬೇಜಾರಾಗಿ ಬಿಟ್ಟುಬಿಡ್ತಾರೆ. ಅವರ ತಲೇಲಿದ್ದದ್ದು ಅವರ ಜೊತೇನೇ ಹೋಗುತ್ತೆ.

ಹಾಗಾದ್ರೆ ಏನು ಬರೀಬೇಕು? ಕೋಡ್ ಏನು ಮಾಡುತ್ತೆ ಅನ್ನೋದನ್ನ ಕೋಡ್ ಓದಿದ್ರೆ ಕಷ್ಟಪಟ್ಟಾದ್ರೂ ತಿಳ್ಕೋಬಹುದು. ಯಾಕೆ ಹಾಗೆ ಮಾಡಿದ್ರು ಅನ್ನೋದು ಕೋಡಲ್ಲಿ ಕಾಣೋದೇ ಇಲ್ಲ. ಕನ್ನಡದ್ದೇ ಉದಾಹರಣೆ ತಗೊಳ್ಳಿ. ಪಠ್ಯ ಶುದ್ಧ ಮಾಡೋ ಒಂದು ಪ್ರೋಗ್ರಾಂ ಇದೆ. ಅದು ಕಣ್ಣಿಗೆ ಕಾಣದ ಯೂನಿಕೋಡ್ ಅಕ್ಷರಗಳನ್ನ ಅಳಿಸುತ್ತೆ, ಆದ್ರೆ 200ಡಿ ಅನ್ನೋ ಒಂದನ್ನ ಮಾತ್ರ ಉಳಿಸುತ್ತೆ. ಝೀರೋ ವಿಡ್ತ್ ಜಾಯ್ನರ್ ಅಂತಾರಲ್ಲ, ಅದು. ಹೊಸಬರು ನೋಡ್ತಾರೆ, ‘ಇದೊಂದು ಯಾಕೆ ಬಿಟ್ಟಿದ್ದಾರೆ, ಮರೆತಿರ್ಬೇಕು’ ಅಂತ ಅದನ್ನೂ ಅಳಿಸೋ ಹಾಗೆ ತಿದ್ದುತ್ತಾರೆ. ಇಂಗ್ಲಿಷ್ ಪಠ್ಯದಲ್ಲಿ ಏನೂ ಆಗಲ್ಲ. ಕೋಡ್ ಸರಿ ಇದೆಯಾ ಅಂತ ನೋಡೋ ಟೆಸ್ಟ್‌ಗಳೂ ಪಾಸಾಗ್ತವೆ. ಆದ್ರೆ ಕನ್ನಡದಲ್ಲಿ ‘ರ‍್ಯಾಂಕ್’ ಅಂತ ರ ಕೆಳಗೆ ಯ ಒತ್ತು ಬರೋದು ಆ ಕಾಣದ ಅಕ್ಷರದಿಂದಾನೇ. ಅದು ಹೋದ್ರೆ ಯಾ ಪಕ್ಕ ಅರ್ಕಾವೊತ್ತು ಬಂದು ಪದದ ರೂಪಾನೇ ಬೇರೆ ಆಗುತ್ತೆ. ‘ಇದನ್ನ ಅಳಿಸಬೇಡಿ, ಕನ್ನಡದ ರ ಕೆಳಗೆ ಒತ್ತು ಬರೋಕೆ ಬೇಕು’ ಅಂತ ಒಂದು ಕಾಮೆಂಟ್ ಇದ್ದಿದ್ರೆ ಸಾಕಾಗಿತ್ತು. ಈಗ ಡಾಕ್ಯುಮೆಂಟೇಶನ್ ಬರೆಯೋ ಎಐ ಟೂಲ್‌ಗಳು ಬಂದಿವೆ, ಬಳಸಿ, ನನ್ನ ತಕರಾರಿಲ್ಲ. ಆದ್ರೆ ನೀವು ಯಾವ ದಾರಿ ನೋಡಿ ಬಿಟ್ಟಿರಿ, ಯಾಕೆ ಬಿಟ್ಟಿರಿ ಅನ್ನೋದು ನಿಮಗೆ ಮಾತ್ರ ಗೊತ್ತು.

ಬರೆದದ್ದು ಹಳಸಿ ಹೋಗುತ್ತೆ ಅನ್ನೋ ದೂರು ನಿಜ. ಅದಕ್ಕೆ ದಾರಿ ಇದೆ. ಪೈಥಾನ್ ಭಾಷೆಯಲ್ಲಿ ಡಾಕ್‌ಟೆಸ್ಟ್ ಅನ್ನೋ ಟೂಲ್ 2001ರಿಂದ ಇದೆ. ಡಾಕ್‌ಸ್ಟ್ರಿಂಗ್‌ನಲ್ಲಿ, ಅಂದ್ರೆ ಕೋಡ್ ಒಳಗೇ ಬರೆದ ವಿವರಣೇಲಿ, ಕೊಟ್ಟ ಉದಾಹರಣೆಯನ್ನ ಓಡಿಸಿ, ಉತ್ತರ ತಾಳೆ ನೋಡುತ್ತೆ. ರಸ್ಟ್ ಅನ್ನೋ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲೈಬ್ರರಿಯ ಡಾಕ್ಯುಮೆಂಟೇಶನ್‌ನಲ್ಲಿರೋ ಉದಾಹರಣೆಗಳು ಕಾರ್ಗೋ ಟೆಸ್ಟ್ ಅನ್ನೋ ಕಮಾಂಡ್ ಕೊಟ್ಟಾಗ ತಾವಾಗೇ ಓಡ್ತವೆ. ಕೋಡ್ ಬದಲಾಗಿ ಉದಾಹರಣೆ ಬದಲಾಗದಿದ್ರೆ ಅವತ್ತೇ ಗೊತ್ತಾಗುತ್ತೆ. ಓಪನ್‌ಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಂ ಮಾಡೋರು ಮ್ಯಾನ್ ಪೇಜಲ್ಲಿ, ಅಂದ್ರೆ ಅದರ ಕೈಪಿಡಿ ಪುಟದಲ್ಲಿ, ತಪ್ಪಿದ್ರೆ ಅದನ್ನೂ ಬಗ್ ಅಂತಾನೇ ನೋಡ್ತಾರೆ. ವೆಬ್‌ಸೈಟ್ ಕಟ್ಟೋಕೆ ಬಳಸೋ ಜ್ಯಾಂಗೋಗೆ ಹೊಸ ಫೀಚರ್ ಸೇರ್ಬೇಕಂದ್ರೆ ಟೆಸ್ಟೂ ಬೇಕು, ಡಾಕ್ಯುಮೆಂಟೇಶನ್ನೂ ಬೇಕು. ಅಲ್ಲೆಲ್ಲಾ ಅದು ಟೈಮಿದ್ರೆ ಮಾಡೋ ಕೆಲಸ ಆಗಿಲ್ಲ.

ನಮ್ಮ ಕಾಲೇಜುಗಳಲ್ಲಿ ಏನಾಗ್ತಿದೆ ಅಂದ್ರೆ, ಫೈನಲ್ ಇಯರ್ ಪ್ರಾಜೆಕ್ಟ್ ರಿಪೋರ್ಟ್ ದಪ್ಪಗೆ ಬೈಂಡ್ ಆಗಿ ಬರುತ್ತೆ. ಸರ್ಟಿಫಿಕೇಟ್ ಪುಟ, ಕೃತಜ್ಞತೆ ಪುಟ, ಅಂಚು ಎಷ್ಟಿರ್ಬೇಕು ಅನ್ನೋದಕ್ಕೂ ನಿಯಮ. ಆ ಪ್ರೋಗ್ರಾಂನ ಇನ್ನೊಂದು ಕಂಪ್ಯೂಟರಲ್ಲಿ ಓಡಿಸೋದು ಹೇಗೆ ಅಂತ ಎಷ್ಟೋ ರಿಪೋರ್ಟ್‌ಗಳಲ್ಲಿ ಎಲ್ಲೂ ಇರಲ್ಲ. ಮೇಷ್ಟ್ರುಗಳಿಗೆ, ಮೇಡಮ್‌ಗಳಿಗೆ ನನ್ನ ಕಳಕಳಿಯ ಮನವಿ: ವೈವಾ ದಿನ ಬೇರೆ ಟೀಮಿನ ವಿದ್ಯಾರ್ಥಿ ಕೈಗೆ ಆ ರೀಡ್‌ಮಿ ಕೊಟ್ಟು, ಬಾಯಿ ಬಿಡದೆ ಕೂತು ನೋಡಿ. ಅವನು ಓಡಿಸಿದ್ರೆ ಅಂಕ ಕೊಡಿ.

ಭಾಷೆ ಬಗ್ಗೆನೂ ಹೇಳ್ಬೇಕು. ಮೊದಲ ಹೆಜ್ಜೆಗಳನ್ನ, ಅಂದ್ರೆ ಇನ್‌ಸ್ಟಾಲ್ ಮಾಡೋದು, ಮೊದಲ ಸಲ ಓಡಿಸೋದು, ಇಷ್ಟನ್ನ ಕನ್ನಡದಲ್ಲೂ ಬರೆದಿಡಿ. ಫಂಕ್ಷನ್, ವೇರಿಯಬಲ್ ಅಂತಾನೇ ಬರೀರಿ, ಎಲ್ಲರಿಗೂ ಅರ್ಥ ಆಗುತ್ತೆ. ಭಾರತೀಯ ಭಾಷಾ ಸಂಸ್ಥಾನ 1969ರಿಂದ ಇರೋ ಊರು ಮೈಸೂರು. ಭಾಷಾಶಾಸ್ತ್ರ ಓದ್ತಿರೋರಿಗೆ ಕೋಡ್ ಬರದೇ ಇರಬಹುದು, ಆದ್ರೆ ಗೋಜಲಾಗಿರೋ ವಿವರಣೆನ ತಿಳಿಯಾಗಿ ಬರೆಯೋಕೆ ಅವರಷ್ಟು ತಕ್ಕೋರು ಇನ್ಯಾರು? ಅವರನ್ನೂ ಕರೀರಿ. ಅವರು ಬರೆದದ್ದಕ್ಕೂ ಕೋಡ್ ಬರೆದೋರ ಪಕ್ಕದಲ್ಲೇ ಹೆಸರು ಹಾಕಿ.

ನೀವು ಪ್ರಾಜೆಕ್ಟ್ ನೋಡ್ಕೊಳ್ಳೋ ಮೇಂಟೇನರ್ ಆಗಿದ್ರೆ, ಇವತ್ತೇ ನಿಮ್ಮ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸ್ಕೊಳ್ಳಿ ಅನ್ನೋ ಕೋರಿಕೆ) ಟೆಂಪ್ಲೇಟ್‌ಗೆ ಎರಡು ಪ್ರಶ್ನೆ ಸೇರಿಸಿ: ‘ಈ ಬದಲಾವಣೆ ಯಾಕೆ? ಇದರಿಂದ ಯಾವ ಡಾಕ್ಯುಮೆಂಟೇಶನ್ ಹಳತಾಯ್ತು?’ ಉತ್ತರ ಬರೋವರೆಗೂ ಮರ್ಜ್ ಮಾಡ್ಬೇಡಿ. ನೀವು ಹೊಸಬರಾಗಿದ್ರೆ, ಎಲ್ಲಿ ಸಿಕ್ಕಿಹಾಕ್ಕೊಂಡ್ರಿ, ಹೇಗೆ ಬಿಡಿಸ್ಕೊಂಡ್ರಿ ಅನ್ನೋದನ್ನ ಆವಾಗ್ಲೇ ಬರೆದು ಕಳ್ಸಿ. ಇಂಗ್ಲಿಷ್ ವ್ಯಾಕರಣ ತಪ್ಪಾದ್ರೆ ತಿದ್ದೋಕೆ ಜನ ಇದ್ದಾರೆ. ಎಲ್ಲಿ ಸಿಕ್ಕಿಹಾಕ್ಕೋತೀವಿ ಅನ್ನೋದು ಹಳಬರಿಗೆ ಕಾಣೋದೇ ಇಲ್ಲ, ಅದನ್ನ ನೀವೇ ಹೇಳ್ಬೇಕು.